ಯಮಾತೊ, ಬೈಲಕುಪ್ಪೆ ಮತ್ತು ನಾವು

ನಮ್ಮ ಸಗಮಿಹಾರಾಕ್ಕೆ ಅಂಟಿಕೊಂಡಿರುವ ಯಮಾತೊ ನಗರದಲ್ಲಿ 1980ರಿಂದ 1998ರವರೆಗೆ ಒಂದು ಪುನರ್ವಸತಿ ಕೇಂದ್ರವಿತ್ತು. ಯುದ್ಧದ ನಂತರ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ ಬಂದ ನಿರಾಶ್ರಿತರಿಗೆ ಅಲ್ಲಿ ಕೆಲವು ತಿಂಗಳು ಜಪಾನೀ ಭಾಷೆ, ಇಲ್ಲಿನ ರೀತಿನೀತಿ ಕಲಿಸಿ ಕೆಲಸ ಹುಡುಕಿಕೊಡುತ್ತಿದ್ದರು. ಎಷ್ಟೋ ಕುಟುಂಬಗಳು ಹತ್ತಿರದ ಇಚೊ ದಾಂಚಿ ಎಂಬ ಸರ್ಕಾರಿ ವಸತಿಗೃಹಗಳಲ್ಲಿ ನೆಲೆಸಿದವು. ಅಲ್ಲಿ ಕಸ ಹಾಕುವ ನಿಯಮದ ಫಲಕ ಕೂಡ ಹಲವು ಭಾಷೆಗಳಲ್ಲಿದೆ. (ಕಸ ವಿಂಗಡಿಸಲು ನಾವೆಲ್ಲ ಪಟ್ಟ ಪಾಡು ನೆನೆದರೆ ಇದೇನು ಸಣ್ಣ ಉಪಕಾರವಲ್ಲ.)

ಇದನ್ನು ತಿಳಿದಾಗ ನನಗೆ ನೆನಪಾದದ್ದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಟಿಬೆಟಿನ ನಿರಾಶ್ರಿತರಿಗೆ ಅಲ್ಲಿ ಸುಮಾರು 3,000 ಎಕರೆ ಜಮೀನು ಕೊಟ್ಟಿತು. ಚಳಿನಾಡಿನ ಆ ಜನ ಕಾಡು ಕಡಿದು, ಆನೆ ಕಾಟ ತಡೆದುಕೊಂಡು ಮುಸುಕಿನ ಜೋಳ ಬೆಳೆದರು. 1961ರಲ್ಲಿ ಕೇಂದ್ರ ಸರ್ಕಾರ ಟಿಬೆಟಿಯನ್ ಮಕ್ಕಳ ಶಾಲೆಗಳಿಗೆಂದೇ ಪ್ರತ್ಯೇಕ ಸಂಸ್ಥೆ ಸ್ಥಾಪಿಸಿತು. ಮಕ್ಕಳಿಗೆ ಶಾಲೆಯಲ್ಲೇ ತಮ್ಮ ಭಾಷೆ ಸಿಕ್ಕಿತು.

ಯಮಾತೊ ಕೇಂದ್ರ ಕೂಲಿಗೆ ಬೇಕಾದ ಭಾಷೆ ಕೊಟ್ಟಿತು, ಅದು ತುರ್ತಾಗಿ ಬೇಕಿತ್ತು ಕೂಡ. ಮನೆಮಾತು ಮಾತ್ರ ಮನೆಯವರ ಪಾಲಿಗೇ ಉಳಿಯಿತು. ನಾವು ನಿರಾಶ್ರಿತರಲ್ಲ, ಉದ್ಯೋಗಕ್ಕೆಂದು ವೀಸಾ ಪಡೆದು ಬಂದವರು. ಆದರೂ ಈ ಒಂದು ವಿಷಯದಲ್ಲಿ ಇಚೊ ದಾಂಚಿಯವರ ಸಾಲಿನಲ್ಲೇ ನಿಂತಿದ್ದೇವೆ. ಅನ್ನ, ಸೂರು, ಶಾಲೆ ಇಲ್ಲಿ ಸಿಗುತ್ತವೆ. ಕನ್ನಡವನ್ನು ನಾವೇ ಹೊಂದಿಸಿಕೊಳ್ಳಬೇಕು. ಈ ವರ್ಷ ಓದು ಮುಗಿಸಿದ ಮಕ್ಕಳು ಏಪ್ರಿಲ್‌ನಿಂದ ಕನ್ನಡವನ್ನು ಎಲ್ಲಿ, ಯಾರೊಂದಿಗೆ ಓದುತ್ತಾರೆ ಎಂಬುದನ್ನು ಪೋಷಕರೂ ಶಿಕ್ಷಕರೂ ಕೂತು ಮಾತಾಡಿ ತೀರ್ಮಾನಿಸಬೇಕಿದೆ.