ಮನೆಹಿತ್ತಲಿನ ಮಾವಿನ ಕಸಿ: ಬಸವಕಲ್ಯಾಣ–ಹುಮನಾಬಾದ್ ಸೀಮೆ

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯ ಹಿತ್ತಲುಗಳಲ್ಲಿ ಬೆಳೆಯುವ ಮಾವು ಎರಡು ಬಗೆಯದು: ವಾಟೆಯಿಂದ ಹುಟ್ಟಿದ ಜವಾರಿ, ಕಸಿ ಕಟ್ಟಿದ ಕಲಮಿ. ದಖ್ಖನ್ ಪ್ರಸ್ಥಭೂಮಿಯ ಮಾವಿನ ವಾಟೆಯಲ್ಲಿ ಸಾಮಾನ್ಯವಾಗಿ ಒಂದೇ ಭ್ರೂಣವಿರುತ್ತದೆ. ಅದು ಪರಾಗಸ್ಪರ್ಶದಿಂದ ಉಂಟಾದದ್ದು; ಹಾಗಾಗಿ ತಾಯಿಮರದ ರುಚಿ ಸಸಿಗೆ ಬರುವ ಭರವಸೆಯಿಲ್ಲ. ಮೆಚ್ಚಿದ ಹಣ್ಣನ್ನು ಹಾಗೆಯೇ ಮುಂದುವರಿಸಬೇಕಿದ್ದರೆ ಕಸಿ ಬೇಕು. ಕಸಿಗಿಡ ನಾಲ್ಕೈದು ವರ್ಷಕ್ಕೆ ಫಲ ಕೊಡುತ್ತದೆ. ವಾಟೆಯ ಗಿಡಕ್ಕೆ ಎಂಟು–ಹತ್ತು ವರ್ಷ ಹಿಡಿಯುವುದುಂಟು.

ಇಂದಿನ ಬಸವಕಲ್ಯಾಣವಾದ ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗಲೇ ಇಲ್ಲಿ ಮಾವಿನ ಕಸಿ ನಡೆಯುತ್ತಿತ್ತು ಎಂಬ ಮಾತನ್ನು ಎಚ್ಚರದಿಂದ ತೆಗೆದುಕೊಳ್ಳಬೇಕು. ಆ ಅರಸರ ಕಾಲದ ಎರಡು ಗ್ರಂಥಗಳು ಇದಕ್ಕೆ ಆಧಾರವೆನಿಸುತ್ತವೆ: 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ ಮತ್ತು ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ‘ಮಾನಸೋಲ್ಲಾಸ’. ಮೊದಲನೆಯದರಲ್ಲಿ ಗಿಡಮರಗಳ ಆರೈಕೆಯ ಶಾಸ್ತ್ರವಾದ ವೃಕ್ಷಾಯುರ್ವೇದವಿದೆ, ಎರಡನೆಯದರಲ್ಲಿ ಅರಸರ ಉದ್ಯಾನದ ವರ್ಣನೆಯಿದೆ. ಒಂದು ಗಿಡವನ್ನು ಇನ್ನೊಂದಕ್ಕೆ ಕೂಡಿಸುವ ಸ್ಪಷ್ಟ ಮಾತು ಇವಕ್ಕಿಂತ ಐದಾರು ಶತಮಾನ ಹಿಂದಿನ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲೇ ಇದೆ. ಕಾಂಡಕ್ಕೆ ಸೆಗಣಿ ಮೆತ್ತಿ, ಬೇರನ್ನು ಕತ್ತರಿಸಿದ ಜಾಗದಲ್ಲೋ ಬೊಡ್ಡೆಯ ಮೇಲೋ ಕೂಡಿಸಬಹುದಾದ ಗಿಡಗಳ ಪಟ್ಟಿ ಅಲ್ಲಿದೆ. ಹಲಸು, ಅಶೋಕ, ಬಾಳೆ, ನೇರಳೆ, ದಾಳಿಂಬೆ, ದ್ರಾಕ್ಷಿ, ಮಾದಲ ಎಲ್ಲ ಅದರಲ್ಲಿವೆ, ಮಾವಿಲ್ಲ. ಬಾಳೆ ಸೇರಿರುವುದೇ ಈ ಪಟ್ಟಿಯನ್ನು ಪ್ರಯೋಗದ ದಾಖಲೆಯೆಂದು ಓದಲು ಅಡ್ಡಿ, ಏಕೆಂದರೆ ಬಾಳೆಗೆ ಕಸಿ ಹಿಡಿಯುವುದಿಲ್ಲ. ಕೂಡಿಸುವ ಕಲ್ಪನೆ ಹಳೆಯದೆನ್ನಲು ಈ ಶ್ಲೋಕಗಳು ಸಾಕು; ಕಲ್ಯಾಣದ ಮಾವಿನ ತೋಪಿಗೆ ಅವನ್ನು ತಗುಲಿಸಲು ಸಾಲದು.

ಮಾವಿನ ಕಸಿ ವ್ಯಾಪಕವಾದದ್ದು ಪೋರ್ಚುಗೀಸರ ಗೋವೆಯಿಂದ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಜೆಸ್ಯೂಟ್ ಪಾದ್ರಿಗಳಿಗೆ ಅದರ ಶ್ರೇಯ ಸಲ್ಲುತ್ತದೆ. ಆಪೂಸ್ ಎಂಬ ಮಾವಿನ ತಳಿಯ ಹೆಸರು ಮಾತ್ರ ಇನ್ನೂ ವಿವಾದದಲ್ಲಿದೆ. ಗೋವೆಯ ಪೋರ್ಚುಗೀಸ್ ಆಡಳಿತಗಾರ ಅಫೊನ್ಸೊ ಡಿ ಅಲ್ಬುಕರ್ಕ್‌ನಿಂದ ಅದು ಬಂದಿತೆಂಬುದು ಜನಪ್ರಿಯ ಕಥೆ. ಆದರೆ ಮೊಗಲರ ಕಾಲದ ಇಟಲಿಯ ಪ್ರವಾಸಿ ಮನುಚಿ ಗೋವೆಯ ಮಾವುಗಳನ್ನು ಹೆಸರಿಸುವಾಗ ನಿಕೊಲಾವ್ ಅಫೊನ್ಸೊ ಎಂಬವನ ಮಾವನ್ನು ಹೇಳುತ್ತಾನೆ. ತಳಿಗೆ ಆಳುವವನ ಹೆಸರಿಗಿಂತ ತೋಟದವನ ಹೆಸರು ಅಂಟುವುದೇ ಹೆಚ್ಚು ಸಹಜ.

ಮತ್ತೆ ಕಲ್ಯಾಣಕ್ಕೆ ಬಂದರೆ, ಬಹಮನಿ, ಬರೀದಶಾಹಿ, ಆದಿಲಶಾಹಿಗಳ ನಂತರ 1657ರಲ್ಲಿ ಅಲ್ಲಿನ ಕೋಟೆ ಔರಂಗಜೇಬನ ಕೈಸೇರಿತು. ಮುಂದೆ ಹೈದರಾಬಾದಿನ ನಿಜಾಮರ ಅಧೀನದಲ್ಲಿ ಅದು ನವಾಬರ ಜಾಗೀರಾಯಿತು. ಹೈದರಾಬಾದ್ ಮಾರುಕಟ್ಟೆಗೆ ಮಾವಿನ ತಳಿಗಳಾದ ಬೇನಿಶಾನ್, ಹಿಮಾಯತ್‌ಗಳ ರುಚಿ ಹತ್ತಿದ್ದೂ ನಿಜಾಮರ ಆಳ್ವಿಕೆಯಲ್ಲೇ.

ಆಗಿನ ವಿಧಾನ ಸಾಮೀಪ್ಯ ಕಸಿ. ಕುಂಡದ ಸಸಿಯನ್ನು ತಾಯಿಮರದ ಪಕ್ಕಕ್ಕೊಯ್ದು, ಟೊಂಗೆ ಎತ್ತರದಲ್ಲಿದ್ದರೆ ಅಟ್ಟಣೆ ಕಟ್ಟಿ ಅಲ್ಲಿಗೇರಿಸಿ, ಸಸಿ ಮತ್ತು ಟೊಂಗೆಗಳೆರಡರ ತೊಗಟೆಯನ್ನೂ ಸವರಿ, ಬಾಳೆನಾರಿನಿಂದ ಬಿಗಿಯುತ್ತಿದ್ದರು. ಎರಡು–ಮೂರು ತಿಂಗಳು ಕುಂಡಕ್ಕೆ ತಪ್ಪದೆ ನೀರು ಹಾಕಬೇಕಿತ್ತು. ಬೆಸುಗೆ ಕೂಡುವವರೆಗೂ ಟೊಂಗೆಯನ್ನು ತಾಯಿಮರದಿಂದ ಬಿಡಿಸುವಂತಿರಲಿಲ್ಲ. ಹೀಗಾಗಿ ಒಳ್ಳೆಯ ತಾಯಿಮರವಿದ್ದವರಿಗೇ ಒಳ್ಳೆಯ ಕಸಿಗಿಡ. ಉಳಿದವರ ಹಿತ್ತಲಿಗೆ ಉಪ್ಪಿನಕಾಯಿಯ ಜವಾರಿ.

1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾಯಿತು, ಅದರ ನಿರ್ದೇಶಕ ಎಂ.ಎಚ್. ಮರೀಗೌಡರ ಕಾಲದಲ್ಲಿ ಸರ್ಕಾರಿ ನರ್ಸರಿಗಳು ರಾಜ್ಯದೆಲ್ಲೆಡೆ ಹರಡಿದವು. ಆದರೆ ಹಿತ್ತಲಿನ ಮಟ್ಟಿಗೆ ನಿಜವಾದ ತಿರುವು ಇಲಾಖೆಯಿಂದಲ್ಲ, ಚಾಕು ಹಿಡಿಯುವ ರೀತಿ ಬದಲಾದುದರಿಂದ ಬಂತು. 1970ರ ದಶಕದಲ್ಲಿ ಗುಜರಾತಿನ ಆನಂದ್ ಊರಿನಲ್ಲಿ ರೂಪುಗೊಂಡ ಮೃದುಕಾಂಡ ಕಸಿ, ಕೊಂಕಣದ ದಾಪೋಲಿಯಿಂದ ಪ್ರಚಾರವಾದ ವಾಟೆ ಕಸಿ, ಎರಡರಲ್ಲೂ ತಾಯಿಮರದ ಕಡ್ಡಿಯನ್ನು ಮೊದಲೇ ಕತ್ತರಿಸಿಕೊಳ್ಳುತ್ತಾರೆ. ಕತ್ತರಿಸುವ ವಾರ–ಹತ್ತು ದಿನ ಮುಂಚೆ ಎಲೆ ಸವರಿ ತೊಟ್ಟು ಬಿಟ್ಟರೆ ಮೊಗ್ಗು ಉಬ್ಬುತ್ತದೆ. ವಾಟೆ ಕಸಿಗೆ ಮೊಳೆತು ಎಂಟು–ಹದಿನೈದು ದಿನದ, ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವ ಸಸಿ ಬೇಕು. ತಲೆ ಕತ್ತರಿಸಿ, ಸೀಳಿ, ಬೆಣೆಯಾಗಿ ಹೆರೆದ ಕಡ್ಡಿಯನ್ನು ಕೂಡಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿ ಊರಿಂದೂರಿಗೆ ಹೋಗಬಲ್ಲದಾದ್ದರಿಂದ ತಾಯಿಮರ ನೆರೆಯಲ್ಲಿರಬೇಕೆಂಬ ಕಟ್ಟು ಸಡಿಲಿತು.

ಮೃದುಕಾಂಡ ಕಸಿಗೆ ಇಲ್ಲಿ ಇನ್ನೊಂದು ಅನುಕೂಲವಿದೆ. ಗುಂಡಿಯಲ್ಲೇ ವಾಟೆ ಹೂತು ಅಲ್ಲೇ ಕಸಿ ಕಟ್ಟಿದರೆ ತಾಯಿಬೇರು ಕಡಿಯುವುದಿಲ್ಲ, ಮಳೆಯಾಶ್ರಿತ ನೆಲಕ್ಕೆ ಅದು ಒಗ್ಗುತ್ತದೆ. ಕಪ್ಪು ಎರೆಯಲ್ಲಿ ಮಾತ್ರ ನೀರು ನಿಂತು ಬುಡ ಕೊಳೆಯದಂತೆ ದಿಬ್ಬ ಮಾಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದ ಹವೆಯೇ ಕಸಿಯ ಹಂಗಾಮು.

ತಳಿಯ ವಿಷಯದಲ್ಲಿ ಇತ್ತೀಚಿನ ಒಲವು ಕೇಸರ್‌ನದು. ಜುನಾಗಢದಲ್ಲಿ 1934ರಲ್ಲಿ ಹೆಸರು ಪಡೆದ ಈ ತಳಿ ನೆರೆಯ ಮರಾಠವಾಡದಲ್ಲಿ ಬೇರೂರಿ, ‘ಮರಾಠವಾಡ ಕೇಸರ್’ ಎಂದು 2016ರಲ್ಲಿ ಭೌಗೋಳಿಕ ಸೂಚಕ ಪಡೆಯಿತು. ಹಳೆಯ ಜವಾರಿ ಮರದ ಟೊಂಗೆ ಕಡಿದು, ಹೊಸ ಚಿಗುರಿಗೆ ಇಂಥ ತಳಿ ಕಟ್ಟುವ ಮೇಲ್ಕಸಿಯಿಂದ ಒಂದೇ ಮರದಲ್ಲಿ ಎರಡು–ಮೂರು ತಳಿಯ ಹಣ್ಣು ಪಡೆಯಬಹುದು.

ಕಲಮಿ ಮರ ಕೆಲವು ವರ್ಷಗಳ ಮೇಲೆ ಜವಾರಿಯಾಗಿ ತಿರುಗಿತು ಎಂಬ ದೂರಿಗೆ ಕಾರಣ ಸರಳ. ಬೆಸುಗೆಯ ಕೆಳಗಿನ ಬೇರುಸಸಿಯ ಚಿಗುರನ್ನು ಚಿವುಟದೆ ಬಿಟ್ಟಾಗ ಅದು ಮೇಲೆದ್ದು ಕಟ್ಟಿದ ಕಡ್ಡಿಯನ್ನು ಸೊರಗಿಸುತ್ತದೆ. ಆಮೇಲೆ ಬರುವ ಹಣ್ಣು ಬೇರುಸಸಿಯದು.