ಮಧುಮೇಹಿಗಳು ಮತ್ತು ಕಾಂಟ್ರಾಸ್ಟ್ ಪರೀಕ್ಷೆ: ಮೂತ್ರಪಿಂಡಗಳ ರಕ್ಷಣೆ

ಕಾಂಟ್ರಾಸ್ಟ್ ಎಂದರೇನು?
ಸಿ.ಟಿ. ಸ್ಕ್ಯಾನ್ ಹಾಗೂ ಆಂಜಿಯೋಗ್ರಾಮ್ ಚಿತ್ರಗಳಲ್ಲಿ ರಕ್ತನಾಳಗಳು ಮತ್ತು ಅಂಗಾಂಗಗಳು ಸ್ಪಷ್ಟವಾಗಿ ಗೋಚರಿಸುವಂತೆ ಮಾಡಲು ಚುಚ್ಚುಮದ್ದಿನ ಮೂಲಕ ನೀಡಲಾಗುವ ಅಯೋಡಿನ್‌ಯುಕ್ತ ದ್ರವಕ್ಕೆ ಕಾಂಟ್ರಾಸ್ಟ್ ಎನ್ನಲಾಗುತ್ತದೆ. ಈ ದ್ರವವು ಮುಖ್ಯವಾಗಿ ಮೂತ್ರಪಿಂಡಗಳ ಮೂಲಕವೇ ದೇಹದಿಂದ ಹೊರಹೋಗುತ್ತದೆ.

ಅಪಾಯ ಯಾರಿಗೆ?
ಮಧುಮೇಹವಿದ್ದ ಮಾತ್ರಕ್ಕೆ ಕಾಂಟ್ರಾಸ್ಟ್ ಹಾನಿಕರವೆಂದು ಭಾವಿಸಬೇಕಾಗಿಲ್ಲ. ಮೂತ್ರಪಿಂಡಗಳ ಕಾರ್ಯಶಕ್ತಿ ಮೊದಲೇ ಕುಂದಿರುವವರಲ್ಲಿ ಅಪಾಯ ಹೆಚ್ಚು. ಆದರೆ ದೀರ್ಘಕಾಲದ ಮಧುಮೇಹವು ಯಾವುದೇ ಲಕ್ಷಣ ತೋರದೆ ಮೂತ್ರಪಿಂಡಗಳನ್ನು ದುರ್ಬಲಗೊಳಿಸಬಲ್ಲದು. ಆದುದರಿಂದ ರಕ್ತದ ಸೀರಂ ಕ್ರಿಯಾಟಿನಿನ್ ಪರೀಕ್ಷೆ ಅಗತ್ಯ. ಇದರಿಂದ ಮೂತ್ರಪಿಂಡಗಳ ಸೋಸುವ ಶಕ್ತಿಯನ್ನು, ಅಂದರೆ ಇ.ಜಿ.ಎಫ್.ಆರ್. ಅನ್ನು, ಲೆಕ್ಕಹಾಕಲಾಗುತ್ತದೆ. ಇದು 30ಕ್ಕಿಂತ ಕಡಿಮೆಯಿದ್ದಲ್ಲಿ ವಿಶೇಷ ಎಚ್ಚರಿಕೆ ಅವಶ್ಯಕ.

ಪರೀಕ್ಷೆಗೆ ಮುನ್ನ
1. ಇತ್ತೀಚಿನ ಕ್ರಿಯಾಟಿನಿನ್ ವರದಿ ಮತ್ತು ಸೇವಿಸುತ್ತಿರುವ ಎಲ್ಲಾ ಔಷಧಿಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸತಕ್ಕದ್ದು.
2. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದ ನೋವು ನಿವಾರಕ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.
3. ಮೆಟ್‌ಫಾರ್ಮಿನ್ ಮಾತ್ರೆಯು ತಾನಾಗಿ ಮೂತ್ರಪಿಂಡಕ್ಕೆ ಹಾನಿ ಮಾಡುವುದಿಲ್ಲ. ಆದರೆ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದರೆ ಅದು ದೇಹದಲ್ಲಿ ಸಂಗ್ರಹವಾಗಿ ರಕ್ತದ ಆಮ್ಲೀಯತೆ ಹೆಚ್ಚಬಹುದು. ಈ ಕಾರಣ ಕೆಲವರಲ್ಲಿ ಇದನ್ನು 48 ಗಂಟೆಗಳ ಕಾಲ ನಿಲ್ಲಿಸಿ, ಮರುಪರೀಕ್ಷೆಯ ನಂತರ ಪುನಃ ಆರಂಭಿಸಲಾಗುತ್ತದೆ. ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.
4. ಅಲ್ಟ್ರಾಸೌಂಡ್ ಅಥವಾ ಕಾಂಟ್ರಾಸ್ಟ್ ರಹಿತ ಸ್ಕ್ಯಾನ್ ಸಾಕಾಗುವುದೇ ಎಂದು ವಿಚಾರಿಸಬಹುದು. ಮೂತ್ರಕೋಶದ ಹಾಗೂ ಮೂತ್ರಪಿಂಡದ ಕಲ್ಲುಗಳನ್ನು ಕಾಂಟ್ರಾಸ್ಟ್ ಇಲ್ಲದೆಯೇ ಸಿ.ಟಿ.ಯಲ್ಲಿ ಗುರುತಿಸಬಹುದಾಗಿದೆ.

ರಕ್ಷಣಾ ಕ್ರಮಗಳು
ಹೆಚ್ಚಿನ ಅಪಾಯವುಳ್ಳವರಿಗೆ ಪರೀಕ್ಷೆಯ ಮೊದಲು ಮತ್ತು ನಂತರ ರಕ್ತನಾಳದ ಮೂಲಕ ಸಲೈನ್ ನೀಡಲಾಗುತ್ತದೆ. ಕಾಂಟ್ರಾಸ್ಟ್ ಪ್ರಮಾಣವನ್ನು ಕನಿಷ್ಠಗೊಳಿಸಲಾಗುತ್ತದೆ. ಹೃದಯ ವೈಫಲ್ಯವುಳ್ಳವರು ಆ ವಿಷಯವನ್ನು ಮೊದಲೇ ತಿಳಿಸತಕ್ಕದ್ದು, ಏಕೆಂದರೆ ಹೆಚ್ಚು ದ್ರವ ಅವರಿಗೆ ಅಪಾಯಕರ. ಹಿಂದೆ ಬಳಕೆಯಲ್ಲಿದ್ದ ಅಸಿಟೈಲ್‌ಸಿಸ್ಟೀನ್ ಔಷಧಿಯಿಂದ ಹೆಚ್ಚುವರಿ ರಕ್ಷಣೆ ದೊರೆಯುವುದಿಲ್ಲವೆಂದು 2017ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನ ತೋರಿಸಿದೆ.

ಪರೀಕ್ಷೆಯ ನಂತರ
ಅಪಾಯವುಳ್ಳವರು 48ರಿಂದ 72 ಗಂಟೆಗಳೊಳಗೆ ಕ್ರಿಯಾಟಿನಿನ್ ಮರುಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಮೂತ್ರದ ಪ್ರಮಾಣ ಕಡಿಮೆಯಾದಲ್ಲಿ, ಕಾಲು ಊದಿಕೊಂಡಲ್ಲಿ ಅಥವಾ ಉಸಿರಾಟಕ್ಕೆ ತೊಂದರೆಯಾದಲ್ಲಿ ತಕ್ಷಣ ವೈದ್ಯರನ್ನು ಕಾಣುವುದು.

ವಿಶೇಷ ಸೂಚನೆ
ಹೃದಯಾಘಾತ, ಪಾರ್ಶ್ವವಾಯು ಮುಂತಾದ ತುರ್ತು ಸಂದರ್ಭಗಳಲ್ಲಿ ಪರೀಕ್ಷೆಯ ವಿಳಂಬವೇ ಪ್ರಾಣಾಪಾಯಕ್ಕೆ ಕಾರಣವಾಗಬಹುದು. ಮೂತ್ರಪಿಂಡದ ಭಯದಿಂದ ಅಗತ್ಯ ಪರೀಕ್ಷೆಯನ್ನು ನಿರಾಕರಿಸದೆ, ಮೂತ್ರಪಿಂಡದ ಸ್ಥಿತಿಯನ್ನು ವೈದ್ಯರಿಗೆ ತಿಳಿಸಿ, ಅವರ ಸಲಹೆಯಂತೆ ನಡೆಯುವುದು ಸೂಕ್ತ.