ಪದಕ ಹಿಂದಿರುಗಿಸಿದ ಸಿಪಾಯಿಗಳು

2009ರ ಫೆಬ್ರುವರಿಯಲ್ಲಿ ದೆಹಲಿಯ ಜನ ಒಂದು ಅಪರೂಪದ ಮೆರವಣಿಗೆ ಕಂಡರು. ಕೋಟಿನ ಮೇಲೆ ಪದಕಗಳ ಸಾಲು ಧರಿಸಿದ, ತಲೆ ನರೆತ ಮುದುಕರು ರಾಷ್ಟ್ರಪತಿ ಭವನದ ಕಡೆಗೆ ನಡೆದುಹೋದರು. ಕೆಲವರ ಕೈಯಲ್ಲಿ ಊರುಗೋಲು. ಅವರು ಅಲ್ಲಿಗೆ ಹೋದದ್ದು ಸನ್ಮಾನ ಪಡೆಯಲಿಕ್ಕಲ್ಲ, ಪಡೆದದ್ದನ್ನು ಹಿಂದಕ್ಕೆ ಕೊಡಲಿಕ್ಕೆ. ಯುದ್ಧಗಳಲ್ಲಿ ಗಳಿಸಿದ ಸಾವಿರಾರು ಪದಕಗಳನ್ನು ಅಂದು ಸೇನೆಯ ಪರಮೋಚ್ಚ ದಂಡನಾಯಕರಾದ ರಾಷ್ಟ್ರಪತಿಗಳಿಗೆ ಮರಳಿಸಲಾಯಿತು. ಜೊತೆಗೆ ರಕ್ತದಲ್ಲಿ ಸಹಿ ಮಾಡಿದ ಮನವಿಗಳೂ ಇದ್ದವು.

ಪದಕವೆಂದರೆ ಸೈನಿಕನಿಗೆ ಏನೆಂಬುದು ಕೊಡಗಿನ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲೆ ಅಜ್ಜನ ಭಾವಚಿತ್ರದ ಪಕ್ಕದಲ್ಲಿ ಗಾಜಿನ ಚೌಕಟ್ಟಿನೊಳಗೆ ಪದಕಗಳು ಭದ್ರವಾಗಿರುತ್ತವೆ. ಮಾರಿದರೆ ಅದಕ್ಕೆ ದೊಡ್ಡ ಬೆಲೆಯೇನೂ ಬರುವುದಿಲ್ಲ. ಆದರೂ ಅದನ್ನು ಬಿಟ್ಟುಕೊಡುವುದೆಂದರೆ ಸರ್ಕಾರದೊಂದಿಗಿನ ಋಣಾನುಬಂಧವನ್ನೇ ಹರಿದುಕೊಂಡಂತೆ. ಶಿಸ್ತನ್ನೇ ಉಸಿರಾಗಿಸಿಕೊಂಡು ಬದುಕಿದ, ಸೇವೆಯಲ್ಲಿದ್ದಾಗ ಮುಷ್ಕರ ಎಂಬ ಪದವನ್ನೂ ಆಡಲಾಗದ ಈ ಜನ ಅಂಥ ನಿರ್ಧಾರಕ್ಕೆ ಬರಬೇಕಾದರೆ ನಡೆದದ್ದಾದರೂ ಏನು?

ಮೇಲುನೋಟಕ್ಕೆ ಇದು ಪಿಂಚಣಿಯ ತಕರಾರು. 'ಸಮಾನ ಶ್ರೇಣಿ, ಸಮಾನ ಪಿಂಚಣಿ' ಎಂಬ ಬೇಡಿಕೆಯನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಇದು ವೇತನ ಆಯೋಗ, ಮೂಲವೇತನ, ಹಿಂಬಾಕಿ ಮುಂತಾದ ಒಣ ಲೆಕ್ಕಾಚಾರದಂತೆ ಕಾಣುವುದು ಸಹಜ. ಲೆಕ್ಕದ ಕೆಳಗೆ ಇರುವ ಕಥೆ ಮಾತ್ರ 1973ರಷ್ಟು ಹಳೆಯದು.

1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸುಮಾರು 93 ಸಾವಿರ ಮಂದಿ ಶರಣಾದರು. ದೇಶವೇ ಜವಾನರಿಗೆ ಜೈಕಾರ ಹಾಕಿದ ಕಾಲ ಅದು. 1973ರ ಜನವರಿಯಲ್ಲಿ ಜನರಲ್ ಮಾಣೆಕ್ ಷಾ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ನೀಡಲಾಯಿತು. ಸ್ವತಂತ್ರ ಭಾರತದಲ್ಲಿ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು. ಅದೇ ವರ್ಷ ಮೂರನೆಯ ವೇತನ ಆಯೋಗದ ವರದಿಯೂ ಬಂತು. ಸೈನ್ಯದ ವೇತನವನ್ನು ನಾಗರಿಕ ನೌಕರರ ವೇತನದ ಜೊತೆ ಒಂದೇ ಆಯೋಗ ಪರಿಶೀಲಿಸಿದ್ದು ಅದೇ ಮೊದಲು.

ಮಾಜಿ ಸೈನಿಕರ ಸಂಘಟನೆಗಳು ಇಂದಿಗೂ ಬೆರಳಿಟ್ಟು ತೋರಿಸುವುದು ಈ ವರದಿಯನ್ನೇ. ಅವರು ಹೇಳುವ ಲೆಕ್ಕದಂತೆ ಅದುವರೆಗೆ ಜವಾನನ ಪಿಂಚಣಿ ಅವನ ಕೊನೆಯ ಸಂಬಳದ ಶೇ. 70ರಷ್ಟಿತ್ತು, ನಾಗರಿಕ ನೌಕರರದ್ದು ಶೇ. 30ರ ಆಸುಪಾಸಿನಲ್ಲಿತ್ತು. ಆಮೇಲೆ ಇಬ್ಬರಿಗೂ ಶೇ. 50 ಎಂದಾಯಿತು. ಕೇಳುವುದಕ್ಕೆ ಇದು ನ್ಯಾಯವಾಗಿಯೇ ಇದೆ. ಆದರೆ ಪೂರ್ಣ ಪಿಂಚಣಿ ಸಿಗಬೇಕಾದರೆ 33 ವರ್ಷ ಸೇವೆ ಸಲ್ಲಿಸಿರಬೇಕೆಂಬ ಷರತ್ತು ಇತ್ತು. ಜವಾನ 33 ವರ್ಷ ಸೇವೆ ಮಾಡುವುದಾದರೂ ಹೇಗೆ? ಸೈನ್ಯ ಯುವಕರದ್ದಾಗಿರಬೇಕು ಎಂದು ಸರ್ಕಾರವೇ ಅವನನ್ನು 15, 17 ವರ್ಷಕ್ಕೆ ಮನೆಗೆ ಕಳುಹಿಸುತ್ತದೆ. ಮನೆಗೆ ಬಂದಾಗ ಅವನಿಗೆ 35ರಿಂದ 40ರ ಪ್ರಾಯ. ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುತ್ತಾರೆ. ಅವನ ಓರಗೆಯ ಗುಮಾಸ್ತ ಇನ್ನೂ ಇಪ್ಪತ್ತು ವರ್ಷ ಕಚೇರಿಗೆ ಹೋಗುತ್ತಾನೆ.

ವ್ಯತ್ಯಾಸದ ಬೇರು ಇರುವುದು ಇಲ್ಲಿ. ಸುಮಾರು ಹತ್ತು ವರ್ಷಕ್ಕೊಮ್ಮೆ ವೇತನ ಆಯೋಗ ಬರುತ್ತದೆ, ಸಂಬಳ ಏರುತ್ತದೆ. 60ರವರೆಗೆ ದುಡಿಯುವ ನೌಕರನಿಗೆ ಆ ಏರಿಕೆ ಸೇವೆಯಲ್ಲಿರುವಾಗಲೇ ಸಿಗುತ್ತದೆ, ನಿವೃತ್ತಿಯ ಹೊತ್ತಿಗೆ ಅವನ ಕೊನೆಯ ಸಂಬಳ ದೊಡ್ಡದಾಗಿರುತ್ತದೆ. ಜವಾನನ ಕೊನೆಯ ಸಂಬಳವಾದರೋ 37ರ ಪ್ರಾಯಕ್ಕೇ ನಿಂತುಹೋಗಿರುತ್ತದೆ. ಆಮೇಲೆ ಬರುವ ಮೂರು ನಾಲ್ಕು ಆಯೋಗಗಳನ್ನು ಅವನು ಊರಿನ ಜಗಲಿಯ ಮೇಲೆ ಕುಳಿತೇ ಪತ್ರಿಕೆಯಲ್ಲಿ ಓದಬೇಕು.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಒಂದೇ ಮನೆಯ ಮಾವ, ಅಳಿಯ. ಇಬ್ಬರೂ ಹವಾಲ್ದಾರರು, ಇಬ್ಬರದ್ದೂ 17 ವರ್ಷ ಸೇವೆ. ಮಾವ ನಿವೃತ್ತರಾದದ್ದು 1983ರಲ್ಲಿ, ಅಳಿಯ 2007ರಲ್ಲಿ. ಯುದ್ಧಭೂಮಿ ಕಂಡು ಬಂದವರು ಮಾವ. ಈಗ ಔಷಧಿಯ ಚೀಟಿ ಉದ್ದವಿರುವುದೂ ಅವರದ್ದೇ. ಹಳೆಯ ಪದ್ಧತಿಯಲ್ಲಿ ಪಿಂಚಣಿ ಹೆಚ್ಚು ಬರುತ್ತಿದ್ದುದು ಮಾತ್ರ ಅಳಿಯನಿಗೆ. ಮನೆಯೊಳಗೆ ಇದು ನಗೆಚಾಟಿಕೆಯ ಮಾತಾಗಿ ಮುಗಿದೀತು. ದೇಶದ ಲಕ್ಷಾಂತರ ಮನೆಗಳಲ್ಲಿ ಹಾಗೆ ಮುಗಿಯಲಿಲ್ಲ. ಅಧಿಕಾರಿಗಳ ಮಟ್ಟದಲ್ಲೂ ಎಡವಟ್ಟು ಕಡಿಮೆಯೇನಿರಲಿಲ್ಲ. 1996ಕ್ಕೆ ಮುಂಚೆ ನಿವೃತ್ತರಾದ ಮೇಜರ್ ಜನರಲ್‌ಗಳು, ಅನಂತರ ನಿವೃತ್ತರಾದ ಬ್ರಿಗೇಡಿಯರ್‌ಗಳಿಗಿಂತ ಕಡಿಮೆ ಪಿಂಚಣಿ ಪಡೆಯುವ ಸ್ಥಿತಿ ಒದಗಿತ್ತು. ಕಿರಿಯ ಹುದ್ದೆಗೆ ಹೆಚ್ಚು, ಹಿರಿಯ ಹುದ್ದೆಗೆ ಕಡಿಮೆ! 2008ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸರಿಪಡಿಸಲು ಹೇಳಬೇಕಾಯಿತು.

ಇರಲಿ, ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಅವರ ಕಥೆಗೆ ಬರೋಣ. ಫೀಲ್ಡ್ ಮಾರ್ಷಲ್ ಆದವರಿಗೆ ನಿವೃತ್ತಿ ಎಂಬುದಿಲ್ಲ, ಜೀವಮಾನವಿಡೀ ಪೂರ್ಣ ವೇತನಕ್ಕೆ ಅವರು ಅರ್ಹರು. ನೀಲಗಿರಿಯಲ್ಲಿ ನೆಲೆಸಿದ್ದ ಮಾಣೆಕ್ ಷಾ ಅವರಿಗೆ ಈ ಬಾಕಿ ಮೂರು ದಶಕಗಳಿಗೂ ಹೆಚ್ಚು ಕಾಲ ಸಂದಿರಲಿಲ್ಲ. 2007ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ವೆಲ್ಲಿಂಗ್‌ಟನ್ ಆಸ್ಪತ್ರೆಯಲ್ಲಿ ಅವರನ್ನು ಕಂಡುಬಂದ ಬಳಿಕವಷ್ಟೇ ಕಡತ ಅಲ್ಲಾಡಿ, ಒಂದು ಕೋಟಿ ರೂಪಾಯಿಗೂ ಮೀರಿದ ಚೆಕ್ಕು ಅವರ ಕೈ ಸೇರಿತು. ಆಗ ಅವರಿಗೆ 90 ದಾಟಿತ್ತು, ಹಾಸಿಗೆ ಹಿಡಿದಿದ್ದರು. 2008ರ ಜೂನ್ 27ರಂದು ತೀರಿಕೊಂಡರು. ಅವರ ಅಂತ್ಯಕ್ರಿಯೆಗೆ ರಾಷ್ಟ್ರಪತಿಯಾಗಲಿ ಪ್ರಧಾನಿಯಾಗಲಿ ರಕ್ಷಣಾ ಸಚಿವರಾಗಲಿ ಬರಲಿಲ್ಲ, ರಾಜ್ಯ ಸಚಿವರೊಬ್ಬರು ಬಂದರು. ಫೀಲ್ಡ್ ಮಾರ್ಷಲ್ಲರಿಗೇ ಹೀಗಾದರೆ ತಮ್ಮ ಪಾಡೇನು ಎಂದು ಹಳ್ಳಿಯ ಮಾಜಿ ಸಿಪಾಯಿ ಕೇಳಿದರೆ ಉತ್ತರ ಕೊಡುವುದು ಕಷ್ಟ.

ನಮ್ಮ ನಾಡಿನ ಹೆಸರೊಂದು ಇಲ್ಲಿ ಬರಲೇಬೇಕು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕೆ.ಎಂ. ಕಾರ್ಯಪ್ಪ ಅವರು ನಿವೃತ್ತಿಯ ನಂತರ ಮಡಿಕೇರಿಯಲ್ಲಿ ಸುಮ್ಮನೆ ಕೂರಲಿಲ್ಲ. ಮನೆಗೆ ಮರಳಿದ ಸೈನಿಕರ ಕಷ್ಟ ಕೇಳುವವರು ಬೇಕೆಂದು 1964ರಲ್ಲಿ 'ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್' ಸ್ಥಾಪಿಸಿದರು. ಅದು ಘೋಷಣೆ ಕೂಗುವ ಸಂಸ್ಥೆಯಾಗಿರಲಿಲ್ಲ. ಮನವಿ ಬರೆಯುವುದು, ಮಂತ್ರಿಗಳನ್ನು ಕಾಣುವುದು, ಕಾಯುವುದು ಅದರ ಕ್ರಮ. ಸರ್ಕಾರ ತನ್ನ ಮಾತಿಗೆ ತಪ್ಪುವುದಿಲ್ಲ ಎಂಬ ನಂಬಿಕೆ ಆ ಪೀಳಿಗೆಯಲ್ಲಿ ಇನ್ನೂ ಉಳಿದಿತ್ತು.

ಆ ನಂಬಿಕೆಗೆ 1982ರಲ್ಲಿ ಒಂದು ಬಲವೂ ಸಿಕ್ಕಿತು. ಆ ವರ್ಷದ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನಕಾರಾ ಪ್ರಕರಣದಲ್ಲಿ ಹೆಸರಾಂತ ತೀರ್ಪು ನೀಡಿತು. ಪಿಂಚಣಿ ಎಂಬುದು ಸರ್ಕಾರ ಮನಬಂದಾಗ ಕೊಡುವ ದಾನವಲ್ಲ, ಸಲ್ಲಿಸಿದ ಸೇವೆಗೆ ದೊರೆಯುವ ಹಕ್ಕು ಎಂದಿತು. ಒಂದು ತಾರೀಕಿನ ಆಚೆ ಈಚೆ ನಿವೃತ್ತರಾದರು ಎಂಬ ಒಂದೇ ಕಾರಣಕ್ಕೆ ಪಿಂಚಣಿದಾರರನ್ನು ಎರಡು ಪಂಗಡ ಮಾಡುವುದು ಸಲ್ಲದು ಎಂದೂ ಹೇಳಿತು. ಅರ್ಜಿದಾರರಲ್ಲಿ ಸೈನ್ಯದಿಂದ ನಿವೃತ್ತರಾದವರೊಬ್ಬರೂ ಇದ್ದರು. ಇನ್ನೇನು ಎಲ್ಲರಿಗೂ ಸಮಾನ ಪಿಂಚಣಿ ಸಿಕ್ಕೀತು ಎಂದು ಮಾಜಿ ಸೈನಿಕರು ಭಾವಿಸಿದ್ದರೆ ತಪ್ಪೇನಿಲ್ಲ. ಕಾರ್ಯಪ್ಪನವರು ಕಟ್ಟಿದ ಲೀಗ್ ಅದೇ ತೀರ್ಪನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋಯಿತು. 1991ರಲ್ಲಿ ಉತ್ತರ ಬಂತು. ನಕಾರಾ ತೀರ್ಪಿನ ಅರ್ಥ ಒಂದೇ ಶ್ರೇಣಿಯವರಿಗೆಲ್ಲ ಒಂದೇ ಮೊತ್ತ ಎಂದಲ್ಲ ಎಂದು ನ್ಯಾಯಾಲಯ ಹೇಳಿತು. ಆಗ ನೇಮಿಸಿದ ಒಂದು ಉನ್ನತ ಸಮಿತಿಯ ಫಲವಾಗಿ 1992ರಿಂದ 'ಒಂದು ಬಾರಿಯ ಹೆಚ್ಚಳ' ಸಿಕ್ಕಿತು. ಹೆಸರೇ ಹೇಳುವಂತೆ ಅದು ಒಂದು ಬಾರಿಯದ್ದು.

ಹೀಗೆ ಸಮಿತಿ, ಸಮಾಧಾನ, ಮತ್ತೊಂದು ಸಮಿತಿ. ಯಾವ ಪಕ್ಷದ ಸರ್ಕಾರ ಬಂದರೂ ಭಾಷಣದಲ್ಲಿ ಜವಾನನಿಗೆ ನಮಸ್ಕಾರ, ಕಡತದಲ್ಲಿ ಆಕ್ಷೇಪ. ಖಜಾನೆಗೆ ಹೊರೆಯಾಗುತ್ತದೆ, ನಾಳೆ ನಾಗರಿಕ ಪಿಂಚಣಿದಾರರೂ ಇದನ್ನೇ ಕೇಳುತ್ತಾರೆ, ದಶಕಗಳ ಹಿಂದಿನ ದಾಖಲೆ ಹುಡುಕುವುದು ಕಷ್ಟ ಎಂಬುದು ಅಧಿಕಾರಿಗಳ ವಾದ. ಈ ವಾದದಲ್ಲಿ ಹುರುಳೇ ಇಲ್ಲ ಎನ್ನಲಾಗದು. ಪಿಂಚಣಿಯ ವೆಚ್ಚ ದೊಡ್ಡದೇ. ಆದರೆ ಅದನ್ನು ನೇರವಾಗಿ 'ಕೊಡಲಾಗದು' ಎಂದು ಹೇಳಿದ ಮಂತ್ರಿ ವಿರಳ. 'ಪರಿಶೀಲನೆಯಲ್ಲಿದೆ' ಎಂದವರೇ ಹೆಚ್ಚು.

2008ರ ಆರನೆಯ ವೇತನ ಆಯೋಗದ ವರದಿ ಬಂದಾಗ ತಾಳ್ಮೆಯ ಕಟ್ಟೆ ಒಡೆಯಿತು. ಆಯೋಗದಲ್ಲಿ ಸೈನ್ಯದ ಪ್ರತಿನಿಧಿ ಒಬ್ಬರೂ ಇಲ್ಲ ಎಂಬ ಹಳೆಯ ದೂರಿಗೆ ಹೊಸ ಕಾವು ಬಂತು. ಲೀಗ್‌ನ ಮನವಿಪತ್ರದ ದಾರಿ ಸಾಕೆಂದವರು 'ಇಂಡಿಯನ್ ಎಕ್ಸ್-ಸರ್ವಿಸ್‌ಮೆನ್ ಮೂವ್‌ಮೆಂಟ್' ಕಟ್ಟಿ ಬೀದಿಗೆ ಇಳಿದರು. ಪದಕ ಮರಳಿಸಿದ ಮೆರವಣಿಗೆ ಆಗಿನದ್ದು. 2011ರ ಡಿಸೆಂಬರ್‌ನಲ್ಲಿ ಭಗತ್ ಸಿಂಗ್ ಕೋಶಿಯಾರಿ ನೇತೃತ್ವದ ರಾಜ್ಯಸಭೆಯ ಅರ್ಜಿಗಳ ಸಮಿತಿ ಬೇಡಿಕೆ ನ್ಯಾಯವಾದದ್ದು ಎಂದಿತು. ಅದಾಗಿ ಎರಡು ವರ್ಷ ಹೆಚ್ಚೇನೂ ಆಗಲಿಲ್ಲ.

ಚುನಾವಣೆ ಹತ್ತಿರ ಬಂದಾಗ ಎಲ್ಲರಿಗೂ ಮುದುಕರ ನೆನಪಾಯಿತು. 2013ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಅಭ್ಯರ್ಥಿಯಾದ ಕೆಲವೇ ದಿನಗಳಲ್ಲಿ ನರೇಂದ್ರ ಮೋದಿ ಅವರು ಹರಿಯಾಣದ ರೇವಾಡಿಯಲ್ಲಿ ಮಾಜಿ ಸೈನಿಕರ ದೊಡ್ಡ ಸಮಾವೇಶದಲ್ಲಿ ಈ ವಿಷಯ ಎತ್ತಿದರು. 2014ರ ಫೆಬ್ರುವರಿಯ ಮಧ್ಯಂತರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಚಿದಂಬರಂ ಬೇಡಿಕೆಯನ್ನು ಒಪ್ಪಿ 500 ಕೋಟಿ ರೂಪಾಯಿ ತೆಗೆದಿಟ್ಟರು. ಸರ್ಕಾರ ಬದಲಾಯಿತು. ಜುಲೈ ಬಜೆಟ್‌ನಲ್ಲಿ ಜೇಟ್ಲಿ 1000 ಕೋಟಿ ಎಂದರು. ಆದೇಶ ಮಾತ್ರ ಹೊರಬೀಳಲಿಲ್ಲ. 2015ರ ಜೂನ್ 15ರಂದು ಜಂತರ್ ಮಂತರ್‌ನಲ್ಲಿ ಸರದಿ ಉಪವಾಸ ಆರಂಭವಾಯಿತು. ಆಗಸ್ಟ್ 14ರಂದು, ಸ್ವಾತಂತ್ರ್ಯೋತ್ಸವದ ಭದ್ರತೆಯ ನೆಪದಲ್ಲಿ, ಪೊಲೀಸರು ಅವರನ್ನು ಎಬ್ಬಿಸಲು ಹೋದರು. ಪದಕ ತೊಟ್ಟ ವೃದ್ಧರನ್ನು ಪೊಲೀಸರು ಎಳೆದಾಡುತ್ತಿದ್ದ ಚಿತ್ರಗಳು ದೇಶದ ಉದ್ದಗಲಕ್ಕೂ ಹರಡಿದವು. 1965ರ ಯುದ್ಧದ ಸುವರ್ಣ ಮಹೋತ್ಸವಕ್ಕೆ ಸರ್ಕಾರ ಸಜ್ಜಾಗುತ್ತಿದ್ದ ದಿನಗಳವು. ಉತ್ಸವ ಯಾರ ಹೆಸರಿನಲ್ಲೋ ಅವರ ಸಂಗಾತಿಗಳು ಕೆಲವೇ ಮೈಲಿ ದೂರದಲ್ಲಿ ಚಾಪೆ ಹಾಸಿ ಉಪವಾಸ ಕುಳಿತಿದ್ದರು.

ಸೆಪ್ಟೆಂಬರ್ 5ರಂದು ರಕ್ಷಣಾ ಸಚಿವ ಮನೋಹರ ಪರ್ರಿಕರ್ ಯೋಜನೆ ಪ್ರಕಟಿಸಿದರು. ಅಧಿಕೃತ ಆದೇಶ ಹೊರಟದ್ದು ನವೆಂಬರ್ 7ಕ್ಕೆ. 42 ವರ್ಷದ ಬೇಡಿಕೆ ಈಡೇರಿತು ಎಂಬುದು ಸರ್ಕಾರದ ಮಾತು. ಬಹುಪಾಲು ಮಾಜಿ ಸೈನಿಕರ ಪಿಂಚಣಿ ಏರಿದ್ದು ನಿಜ, ಅದನ್ನು ಅಲ್ಲಗಳೆಯಬಾರದು. ಜಂತರ್ ಮಂತರ್‌ನಲ್ಲಿ ಕುಳಿತವರು ಎದ್ದು ಹೋಗದಿರಲು ಕಾರಣವೂ ಇತ್ತು. 2013ರಲ್ಲಿ ನಿವೃತ್ತರಾದವರ ಕನಿಷ್ಠ ಮತ್ತು ಗರಿಷ್ಠ ಪಿಂಚಣಿಯ ಸರಾಸರಿಯನ್ನು ಆಧಾರವಾಗಿಟ್ಟು, ಐದು ವರ್ಷಕ್ಕೊಮ್ಮೆ ಪರಿಷ್ಕರಿಸುವುದು ಸರ್ಕಾರದ ಸೂತ್ರ. ಕಿರಿಯರಿಗೆ ಏರಿದಾಗಲೆಲ್ಲ ಹಿರಿಯರಿಗೂ ತಾನಾಗಿಯೇ ಏರಬೇಕು ಎಂಬುದು ಅವರ ಬೇಡಿಕೆ. ಐದು ವರ್ಷಕ್ಕೊಮ್ಮೆ ಸಮನಾಗುವುದಾದರೆ ನಡುವಿನ ನಾಲ್ಕು ವರ್ಷ ಸಮಾನ ಪಿಂಚಣಿ ಎಲ್ಲಿ ಎಂದು ಕೇಳಿದರು. ಆ ದೀಪಾವಳಿಯ ಹೊತ್ತಿಗೆ ಮತ್ತೆ ಪದಕ ಮರಳಿಸುವ ಯತ್ನ ನಡೆಯಿತು. 2017ರ ಅಕ್ಟೋಬರ್‌ನಲ್ಲಿ ಹಸಿರು ನ್ಯಾಯಮಂಡಳಿಯ ಆದೇಶದಂತೆ ಜಂತರ್ ಮಂತರ್‌ನ ಎಲ್ಲ ಧರಣಿಗಳನ್ನೂ ತೆರವುಗೊಳಿಸಿದಾಗಲೇ ಅವರ ಗುಡಾರ ಕಿತ್ತದ್ದು.

ನ್ಯಾಯಾಲಯದಲ್ಲೂ ಅವರು ಸೋತರು. 2022ರ ಮಾರ್ಚ್ 16ರಂದು ಸುಪ್ರೀಂ ಕೋರ್ಟು ಸರ್ಕಾರದ ಸೂತ್ರವನ್ನು ಎತ್ತಿಹಿಡಿಯಿತು. ಇದು ನೀತಿ ನಿರ್ಧಾರ, ಒಂದೇ ಶ್ರೇಣಿಯ ಎಲ್ಲರಿಗೂ ಒಂದೇ ಪಿಂಚಣಿ ಕೊಡಲೇಬೇಕೆಂಬ ಕಾನೂನಿಲ್ಲ ಎಂದಿತು. ಆದರೆ ಐದು ವರ್ಷಕ್ಕೊಮ್ಮೆ ಎಂದು ತಾನೇ ಹಾಕಿಕೊಂಡ ನಿಯಮವನ್ನಾದರೂ ಸರ್ಕಾರ ಪಾಲಿಸಬೇಕಲ್ಲ? 2019ರ ಜುಲೈ 1ಕ್ಕೆ ಆಗಬೇಕಿದ್ದ ಪರಿಷ್ಕರಣೆ ಆಗಿರಲಿಲ್ಲ. ಅದನ್ನು ಮಾಡಿ ಮೂರು ತಿಂಗಳಲ್ಲಿ ಬಾಕಿ ಕೊಡಿ ಎಂದು ಅದೇ ತೀರ್ಪು ಹೇಳಿತು. ಮೂರು ತಿಂಗಳು ಒಂಬತ್ತಾಯಿತು. ಡಿಸೆಂಬರ್ 23ರಂದು ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಫಲಾನುಭವಿಗಳು 25.13 ಲಕ್ಷ ಮಂದಿ. ಮರುತಿಂಗಳೇ ಸಚಿವಾಲಯ ಬಾಕಿಯನ್ನು ನಾಲ್ಕು ಅರ್ಧವಾರ್ಷಿಕ ಕಂತುಗಳಲ್ಲಿ ಕೊಡುವುದಾಗಿ ಸುತ್ತೋಲೆ ಹೊರಡಿಸಿತು. ನಾಲ್ಕು ಲಕ್ಷ ಪಿಂಚಣಿದಾರರು ಕಾಯುತ್ತಲೇ ತೀರಿಕೊಂಡಿದ್ದಾರೆ ಎಂದು ಮಾಜಿ ಸೈನಿಕರ ಪರ ವಕೀಲರು ಕೋರ್ಟಿಗೆ ತಿಳಿಸಿದರು. 2023ರ ಮಾರ್ಚ್‌ನಲ್ಲಿ ನ್ಯಾಯಾಲಯ ಸಚಿವಾಲಯವನ್ನು ಖಾರವಾಗಿ ತರಾಟೆಗೆ ತೆಗೆದುಕೊಂಡು, ಕುಟುಂಬ ಪಿಂಚಣಿದಾರರಿಗೂ ಶೌರ್ಯ ಪ್ರಶಸ್ತಿ ವಿಜೇತರಿಗೂ ಏಪ್ರಿಲ್ 30ರೊಳಗೆ, 70 ದಾಟಿದವರಿಗೆ ಜೂನ್ 30ರೊಳಗೆ, ಉಳಿದವರಿಗೆ 2024ರ ಫೆಬ್ರುವರಿಯೊಳಗೆ ಕೊಡಬೇಕೆಂದು ಗಡುವು ವಿಧಿಸಿತು. ಯಾರು ಮೊದಲು ಸಾಯಬಹುದು ಎಂಬುದನ್ನು ನೋಡಿ ಕೋರ್ಟು ಹೀಗೆ ಸರದಿ ಗೊತ್ತುಮಾಡಬೇಕಾಯಿತು.

ಪಿಂಚಣಿದಾರ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಪ್ರಮಾಣಪತ್ರ ಕೊಡಬೇಕು. ಎಲ್ಲವೂ 'ಸ್ಪರ್ಶ್' ಎಂಬ ಗಣಕ ವ್ಯವಸ್ಥೆಗೆ ಬದಲಾಗುತ್ತಿದ್ದ ಕಾಲದಲ್ಲಿ, 2022ರ ಏಪ್ರಿಲ್‌ನ ಪಿಂಚಣಿ ಸಾವಿರಾರು ಮಂದಿಯ ಖಾತೆಗೆ ಬೀಳಲಿಲ್ಲ. ಅವರ ವಾರ್ಷಿಕ ಗುರುತು ದೃಢೀಕರಣ ಆಗಿಲ್ಲವೆಂಬುದು ಕಾರಣ. ಗದ್ದಲವಾದ ಮೇಲೆ ಮೇ ಮೊದಲ ವಾರದಲ್ಲಿ ಹಣ ಬಂತು. ಬೆರಳಚ್ಚು ಸವೆದುಹೋದ ಕೈಗಳನ್ನು ಯಂತ್ರದ ಮೇಲೆ ಮತ್ತೆ ಮತ್ತೆ ಒತ್ತುವ ಮುದುಕರನ್ನು ಯಾವುದೇ ಸೇವಾ ಕೇಂದ್ರದಲ್ಲಿ ನೋಡಬಹುದು.

2024ರ ಜುಲೈ 1ರಿಂದ ಮೂರನೆಯ ಪಟ್ಟಿ ಜಾರಿಗೆ ಬಂದಿದೆ. ಐದು ವರ್ಷದ ಸೂತ್ರದಂತೆ ಮುಂದಿನದು 2029ರ ಜುಲೈ 1ಕ್ಕೆ. ಢಾಕಾದ ಶರಣಾಗತಿಯ ದಿನ 20ರ ಪ್ರಾಯದಲ್ಲಿದ್ದ ಜವಾನನಿಗೆ ಆಗ 78 ನಡೆಯುತ್ತಿರುತ್ತದೆ.